ಸ್ವಲ್ಪ ಬಗ್ಗಿ, ಯಜಮಾನ್ರೇ

ನಮ್ಮ ಭಾವನ ಫೋಟೋ ಸ್ಟುಡಿಯೋಗೆ ಚೆಂದದ ಹೆಸರೊಂದಿದೆ; ಬಾಗಿಲ ಮೇಲೆ ಬಣ್ಣದ ಬೋರ್ಡಿನಲ್ಲಿ ಬರೆಸಿಯೂ ಇದ್ದಾರೆ. ಆದರೆ ಆ ಹೆಸರು ಹಿಡಿದು ದಾರಿ ಕೇಳಿದರೆ ನಮ್ಮ ಬೀದಿಯಲ್ಲಿ ಒಬ್ಬರೂ ಹೇಳಲಾರರು. ‘ಅಲ್ಲಾಡ್ಬೇಡಿ ಸ್ಟುಡಿಯೋ’ ಎಂದರೆ ಮಾತ್ರ ಪೇಪರ್ ಹಾಕುವವರಿಂದ ಹಿಡಿದು ಟ್ರಾಫಿಕ್ ಪೊಲೀಸರವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಆ ಕಪ್ಪು ಪರದೆಯ ಆಚೆಯಿಂದ ಕೇಳಿಬರುವ ಮಾತು ಅದೊಂದೇ. ಪಾಸ್‌ಪೋರ್ಟಿಗೆ ಬಂದವರಿಗೂ ಅದೇ, ಮಗುವಿನ ಮೊದಲ ಹಲ್ಲಿನ ಫೋಟೋ ತೆಗೆಸಲು ಬಂದವರಿಗೂ ಅದೇ. ಕತ್ತು ಉಳುಕಿ ದಪ್ಪನೆಯ ಪಟ್ಟಿ ಸುತ್ತಿಕೊಂಡು ಬಂದಿದ್ದ ಒಬ್ಬರಿಗೂ ಭಾವ ಅಭ್ಯಾಸಬಲದಿಂದ ಅಲ್ಲಾಡಬೇಡಿ ಎಂದುಬಿಟ್ಟಿದ್ದರು. ಅವರು ಎದ್ದು ಹೋಗಿ ಎದುರು ಬೀದಿಯ ಸ್ಟುಡಿಯೋದಲ್ಲಿ ತೆಗೆಸಿಕೊಂಡರು.

ಪಕ್ಕದ ಕನ್ನಡಕದ ಅಂಗಡಿ ನನ್ನದು. ನಡುವೆ ಇರುವುದು ಒಂದು ಹಲಗೆಯ ಗೋಡೆ. ಭಾವ ಸೀನಿದರೆ ನನ್ನ ಗಾಜಿನ ಕಪಾಟಿನಲ್ಲಿ ಫ್ರೇಮುಗಳು ನಡುಗುತ್ತವೆ. ಹಾಗಾಗಿ ಅವರ ವ್ಯಾಪಾರದ ಒಂದೊಂದು ಮಾತೂ ನನಗೆ ಪುಕ್ಕಟೆಯಾಗಿ ಕೇಳುತ್ತದೆ.

“ಮೂಗು ಯಾಕೆ ಇಷ್ಟು ದೊಡ್ಡದಾಗಿ ಬಂದಿದೆ?” ಎಂದು ಯಾರಾದರೂ ತಗಾದೆ ತೆಗೆಯುತ್ತಾರೆ.

“ಬರುವಾಗ ನೀವೇ ತಂದದ್ದು. ನಾನೇನೂ ಸೇರಿಸಿಲ್ಲ.”

ಇಷ್ಟು ನಯವಾದ ಮಾತಿನ ಮನುಷ್ಯನಿಗೆ ಗಿರಾಕಿಗಳು ಹೇಗೆ ಉಳಿದಿದ್ದಾರೆ ಎಂಬುದು ನನಗೆ ಇಂದಿಗೂ ತಿಳಿಯದು. ಕೆಲಸ ಅಷ್ಟು ಅಚ್ಚುಕಟ್ಟು ಎಂದೇ ಇರಬೇಕು. ಹಣೆಯ ಮೇಲೆ ಒಂದು ನೆರಳು ಬೀಳಲು ಬಿಡುವವರಲ್ಲ. ಕಿವಿ ಎರಡೂ ಕಾಣಬೇಕು, ಕಾಲರು ನೆಟ್ಟಗಿರಬೇಕು, ಕಣ್ಣು ಕ್ಯಾಮೆರಾ ಬಿಟ್ಟು ಎತ್ತಲೂ ಹೋಗಬಾರದು. ಆರು ದಿನ ಹೀಗೆ ಊರಿನ ಮುಖಗಳನ್ನೆಲ್ಲ ತಿದ್ದಿ ತೀಡಿ, ಏಳನೆಯ ದಿನ ಭಾನುವಾರ ಬಂತೆಂದರೆ ಭಾವ ಬೇರೆಯೇ ಮನುಷ್ಯ.

“ಮುಖ ನೋಡಿ ನೋಡಿ ಸಾಕಾಗಿ ಹೋಗಿದೆ ಕಣಯ್ಯಾ. ವಾರಕ್ಕೊಂದು ದಿನವಾದ್ರೂ ಮುಖ ಇಲ್ಲದ್ದನ್ನ ನೋಡ್ಬೇಕು,” ಎನ್ನುತ್ತ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಕೂರುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಅಕ್ಕನನ್ನು ಕೊಟ್ಟ ಮನೆಯವನಾದ್ದರಿಂದ ಆ ಯೋಗ ನನ್ನದು.

ಮುಖ ಇಲ್ಲದ್ದು ಎಂದರೆ ಹೊಲದ ಯಂತ್ರಗಳು. ಅದೂ ಅಂಗಡಿಯಲ್ಲಿ ಸಿಗುವ ಹೊಸ ಯಂತ್ರಗಳಲ್ಲ. ಎಲ್ಲೋ ಒಂದು ಊರಿನಲ್ಲಿ ಯಾರೋ ಒಬ್ಬರು ಹಟ ಹಿಡಿದು ಓಡಿಸುತ್ತಿರುವ, ಬಿಡಿಭಾಗ ಸಿಗದ, ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋದ ಯಂತ್ರಗಳು. ಪೈರು ಕೊಯ್ದು, ಕಂತೆ ಕಟ್ಟಿ, ತಾನೇ ದಾರದಿಂದ ಗಂಟು ಹಾಕಿ ಪಕ್ಕಕ್ಕೆ ಎಸೆಯುವ ಯಂತ್ರ. ಈರುಳ್ಳಿಯ ತಲೆ ಸವರುವ ಯಂತ್ರ. ಇಂಥದ್ದೊಂದು ಓಡುತ್ತಿದೆ ಎಂದು ಗಾಳಿಸುದ್ದಿ ಬಂದರೂ ಸಾಕು, ಭಾವ ನನ್ನ ಕಾರಿನ ಪೆಟ್ರೋಲನ್ನು ಮುಲಾಜಿಲ್ಲದೆ ಸುಡುತ್ತಾರೆ.

ಮನೆಯ ಗೋಡೆಗಳೂ ಅವುಗಳದ್ದೇ. ಊಟದ ಮೇಜಿನ ಎದುರಿಗೆ, ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ, ಗೊಬ್ಬರ ಎರಚುವ ಗಾಡಿಯೊಂದು ಭರದಿಂದ ಕೆಲಸ ಮಾಡುತ್ತಿರುವ ದೊಡ್ಡ ಬಣ್ಣದ ಫೋಟೋ ಇದೆ. ಎರಚುತ್ತಿರುವುದು ನೋಡುವವರ ಕಡೆಗೇ.

“ಬೇರೆಯವರ ಗಂಡಂದಿರು ಹಕ್ಕಿ, ಚಿಟ್ಟೆ ಅಂತ ತೆಗೀತಾರೆ,” ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಾಳೆ. “ನಮ್ಮೋರಿಗೆ ಇದು. ಇದನ್ನ ನೋಡ್ಕೊಂಡು ಉಂಡೂ ಉಂಡೂ ನಂಗೆ ಈಗ ಏನೂ ಅನ್ಸೋದಿಲ್ಲ. ನೀವು ಬೇಕಾದ್ರೆ ಈ ಕಡೆ ತಿರುಗಿ ಕೂತ್ಕೊಳ್ಳಿ.”

ಆ ಮನೆಯಲ್ಲಿ ಅಕ್ಕನ ಫೋಟೋ ಎಲ್ಲೂ ಇಲ್ಲ. ಇರುವುದು ಒಂದೇ, ಅದೂ ಅವಳ ಕಚೇರಿಯ ಗುರುತಿನ ಚೀಟಿಯಲ್ಲಿ. ಅದನ್ನು ತೆಗೆಯುವಾಗಲೂ ಅಲ್ಲಾಡಬೇಡಿ ಎಂದು ಬಹುವಚನದಲ್ಲೇ ಹೇಳಿದ್ದರಂತೆ.

ಭಾವನ ಈ ಹವ್ಯಾಸಕ್ಕೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಯಂತ್ರ ಕೆಲಸದಲ್ಲಿ ತೊಡಗಿರಬೇಕು. ಶೆಡ್ಡಿನಲ್ಲಿ ನಿಂತದ್ದು, ಪ್ರದರ್ಶನಕ್ಕೆ ತೊಳೆದು ನಿಲ್ಲಿಸಿದ್ದು, ಅವರ ಲೆಕ್ಕಕ್ಕೆ ಬಾರದು. “ನಿಂತ ಯಂತ್ರದ ಫೋಟೋ ತೆಗೆಯೋದೂ ಒಂದೇ, ಮಲಗಿ ಗೊರಕೆ ಹೊಡೆಯೋ ಹಾಡುಗಾರನ ಫೋಟೋ ತೆಗೆಯೋದೂ ಒಂದೇ,” ಎನ್ನುತ್ತಿದ್ದರು. ಎರಡನೆಯದು, ಚೌಕಟ್ಟಿನೊಳಗೆ ಮನುಷ್ಯರು ಅಡ್ಡ ಬರಬಾರದು. ಓಡಿಸುವವರು ಇರಲೇಬೇಕಲ್ಲ, ಏನು ಮಾಡುವುದು? ಹಾಗಾಗಿ ಅವರು ಬಗ್ಗಬೇಕು, ಅತ್ತ ತಿರುಗಬೇಕು, ಆಗದಿದ್ದರೆ ಆಮೇಲೆ ಸ್ಟುಡಿಯೋದಲ್ಲಿ ಭಾವ ಅವರ ಕುತ್ತಿಗೆಯಿಂದ ಮೇಲಿನದನ್ನು ಕತ್ತರಿಸುತ್ತಿದ್ದರು.

ಇದೇ ಹುಚ್ಚಿನ ಇನ್ನೊಬ್ಬರು ನಮ್ಮೂರಿನ ಹಲ್ಲಿನ ಡಾಕ್ಟರು. ಅವರದು ತದ್ವಿರುದ್ಧ. ಎಲ್ಲ ಯಂತ್ರದ ಮುಂದೆಯೂ ತಾವೇ ನಿಂತು, ತಮ್ಮ ಕಸುಬಿಗೆ ತಕ್ಕಂತೆ ಅಷ್ಟೂ ಹಲ್ಲು ತೋರಿಸುತ್ತಾರೆ. ಯಂತ್ರ ಓಡಿಸುವವರ ಕೈಗೇ ಕ್ಯಾಮೆರಾ ಕೊಟ್ಟು ಒತ್ತಿಸುತ್ತಾರೆ. “ಅವನದು ಫೋಟೋಗ್ರಫಿ ಅಲ್ಲ, ಹಾಜರಿ,” ಎಂದು ಭಾವ ಮೂಗು ಮುರಿಯುತ್ತಿದ್ದರು. ಇಬ್ಬರೂ ಒಂದೇ ಹೊಲದಲ್ಲಿ ಎದುರಾದರೆ ಹವಾಮಾನದ ಬಗ್ಗೆ ಎರಡು ಮಾತಾಡಿ ಬೇರೆ ಬೇರೆ ಬದುವಿಗೆ ಹೋಗುತ್ತಿದ್ದರು.

ಭಾವನ ಪಾಲಿಗೆ ಎಲ್ಲ ಯಂತ್ರಗಳಿಗೂ ಮಿಗಿಲಾದದ್ದು ಡುಬುಡುಬು. ಊರಿನಿಂದ ಆಚೆ, ಕಾಲುವೆ ದಾಟಿ ಹೋದರೆ ಸಿಗುವ ಒಂದು ಗೋಧಿ ಹೊಲದ ಹಳೇ ಟ್ರ್ಯಾಕ್ಟರು ಅದು. ಅದರ ಸದ್ದೇ ಅದರ ಹೆಸರಾಗಿತ್ತು. ಅದಕ್ಕೆ ಒಂದೇ ಸಿಲಿಂಡರು. ಚಾಲೂ ಮಾಡಲು ಕೀಲಿಯಿಲ್ಲ, ಗುಂಡಿಯಿಲ್ಲ. ಮೊದಲು ಅದರ ಮೂತಿಯಲ್ಲಿರುವ ಕಬ್ಬಿಣದ ಬುರುಡೆಯನ್ನು ಬೆಂಕಿ ಉಗುಳುವ ದೀಪ ಹಿಡಿದು ಕಾಯಿಸಬೇಕು. ಬುರುಡೆ ಚೆನ್ನಾಗಿ ಕಾದ ಮೇಲೆ ಸ್ಟೀರಿಂಗ್ ಚಕ್ರವನ್ನೇ ಅದರ ಕೋಲಿನ ಸಮೇತ ಕಿತ್ತು, ಪಕ್ಕದಲ್ಲಿರುವ ಭಾರಿ ಗಾಲಿಯ ನಡುವೆ ತೂರಿಸಿ, ಹಿಂದೆ ಮುಂದೆ ತೂಗಿ ಒಂದೇ ಏಟಿಗೆ ತಿರುಗಿಸಬೇಕು. ಹಿಡಿತ ತಪ್ಪಿದರೆ ಕೈ ಮುರಿಯುತ್ತದೆ. ಅದರ ಯಜಮಾನರ ಬಲಗೈ ಹಿಂದೊಮ್ಮೆ ಹಾಗೇ ಮುರಿದು, ಮೊಣಕೈ ಹೊರಕ್ಕೆ ಸೊಟ್ಟಗೆ ಕೂಡಿಕೊಂಡಿತ್ತು.

ಯಜಮಾನರು ಎಂದೇ ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು. ಸಣಕಲು ಮೈ, ಕೆಳಗಿಳಿದ ಮೀಸೆ, ಮಾತು ಕಮ್ಮಿ. ಜಗತ್ತಿನ ಮಾತನ್ನೆಲ್ಲ ಟ್ರ್ಯಾಕ್ಟರೇ ಆಡುತ್ತಿದ್ದಾಗ ಇನ್ನೊಬ್ಬರು ಬಾಯಿ ತೆರೆಯಲು ಜಾಗವಾದರೂ ಎಲ್ಲಿತ್ತು? ಅವರು ಬುರುಡೆ ಕಾಯಿಸುವಾಗ ಅವರ ಹೆಂಡತಿ ಒಂದು ಬಕೆಟ್ ನೀರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಬೆಂಕಿ ಹತ್ತಿಕೊಂಡರೆ ನೀರು ಮೊದಲು ಟ್ರ್ಯಾಕ್ಟರಿಗೋ ಗಂಡನಿಗೋ ಎಂದು ಇನ್ನೂ ತೀರ್ಮಾನಿಸದವರ ಹಾಗೆ ಇರುತ್ತಿತ್ತು ಆಕೆಯ ಮುಖ. ಬೆಳಗಿನ ಎಳೆ ಬಿಸಿಲು, ದೀಪದ ನೀಲಿ ಬೆಂಕಿ, ಆ ಇಬ್ಬರು. ನನ್ನಂಥ ಕನ್ನಡಕ ಮಾರುವವನಿಗೂ ಅದು ಒಂದು ಚಿತ್ರ ಎಂದು ಕಾಣುತ್ತಿತ್ತು. ಭಾವ ಮಾತ್ರ ಲೆನ್ಸಿನ ಮುಚ್ಚಳ ತೆಗೆಯದೆ ಬದುವಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಕೆಲಸ ಇನ್ನೂ ಶುರುವಾಗಿಲ್ಲವಲ್ಲ.

ಶುರುವಾದ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಟ್ರ್ಯಾಕ್ಟರಿನ ಗಾಲಿಯಿಂದ ಉದ್ದನೆಯ ಚರ್ಮದ ಬೆಲ್ಟು ಹೊರಟು, ನಡುವೆ ಒಂದು ತಿರುವು ತೆಗೆದುಕೊಂಡು, ಸಣ್ಣ ಮನೆಯಷ್ಟು ದೊಡ್ಡದಾದ ಮರದ ಒಕ್ಕಣೆ ಯಂತ್ರವನ್ನು ತಿರುಗಿಸುತ್ತಿತ್ತು. ಒಂದು ಕಡೆ ಕಾಳು, ಇನ್ನೊಂದು ಕಡೆ ಹುಲ್ಲು, ಎಲ್ಲ ಕಡೆ ಹೊಟ್ಟು. ಕಂತೆ ಹಾಕುವುದು ಒಂದು ಗಳಿಗೆ ತಡವಾಗಿ ಎಂಜಿನ್ನಿನ ಮೇಲಿನ ಭಾರ ಇಳಿದಾಗ, ಡುಬುಡುಬುವಿನ ಹೊಗೆ ಕೊಳವೆಯಿಂದ ಒಂದು ಉಂಗುರ ಹೊರಬೀಳುತ್ತಿತ್ತು. ದುಂಡಗಿನ, ಬಿಡಿಯಾದ ಹೊಗೆಯ ಉಂಗುರ. ಅದು ಮೇಲಕ್ಕೇರಿ ಒಡೆಯುವ ಮೊದಲು, ಬಿಗಿಯಾದ ಬೆಲ್ಟು, ತಿರುಗುವ ಗಾಲಿ, ಹಾರುವ ಹೊಟ್ಟು ಎಲ್ಲದರ ಜೊತೆ ಒಂದೇ ಫೋಟೋದಲ್ಲಿ ಅದನ್ನು ಹಿಡಿಯಬೇಕು. ಇದು ನಮ್ಮ ಭಾವನ ಜೀವಮಾನದ ಗುರಿ. ಬೇರೆಯವರು ಮನೆ ಕಟ್ಟಿಸಬೇಕು, ಮಕ್ಕಳನ್ನು ಓದಿಸಬೇಕು ಎಂದೆಲ್ಲ ಇಟ್ಟುಕೊಳ್ಳುತ್ತಾರೆ, ಪಾಪ.

ಉಂಗುರ ಬರುವ ಜಾಗಕ್ಕೆ ಸರಿಯಾಗಿ ಅಡ್ಡ ಇದ್ದದ್ದು ಯಜಮಾನರ ತಲೆ.

“ಸ್ವಲ್ಪ ಬಗ್ಗಿ, ಯಜಮಾನ್ರೇ!” ಭಾವ ಹೊಲದಾಚೆಯಿಂದ ಕೂಗಿ, ಕೈಯಿಂದ ಗಾಳಿಯನ್ನು ಕೆಳಕ್ಕೆ ಅದುಮುತ್ತಿದ್ದರು. ಸದ್ದಿನಲ್ಲಿ ಮಾತು ಕೇಳದಿದ್ದರೂ ಕೈ ಕಾಣುತ್ತಿತ್ತು. ಯಜಮಾನರು ಬಗ್ಗುತ್ತಿದ್ದರು. “ಇನ್ನೂ ಸ್ವಲ್ಪ!” ಇನ್ನೂ ಬಗ್ಗುತ್ತಿದ್ದರು. ಸ್ವಂತ ಟ್ರ್ಯಾಕ್ಟರಿನ ಮೇಲೆ, ಸ್ವಂತ ಹೊಲದಲ್ಲಿ, ಕಳ್ಳನ ಹಾಗೆ ತಲೆ ತಗ್ಗಿಸಿಕೊಂಡು ಆ ಮನುಷ್ಯ ಕೂರುತ್ತಿದ್ದದ್ದನ್ನು ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಇನ್ನೊಂದು ತಮಾಷೆಯೂ ಇತ್ತು. ಎಣ್ಣೆ, ಧೂಳು, ಹೊಟ್ಟು ಮೈಗೆಲ್ಲ ಮೆತ್ತುವ ಆ ಕೆಲಸಕ್ಕೆ ಯಜಮಾನರು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ನಾವು ಹೋದ ದಿನವೆಲ್ಲ ಅದೇ ಅಂಗಿ.

“ಭಾವ, ಅವರದ್ದೂ ಒಂದು ತೆಗೀರಿ. ಮದುವೆಗೆ ಹೊರಟವ್ರ ಹಾಗೆ ಬಂದಿದಾರೆ,” ಎಂದೆ ನಾನು ಒಮ್ಮೆ.

“ಮುಖ ಬೇಕಾದ್ರೆ ಸ್ಟುಡಿಯೋಗೆ ಬರ್ಲಿ. ಇವತ್ತು ಭಾನುವಾರ.”

ಹೊರಡುವಾಗ ಯಜಮಾನರು ಕಾರಿನ ಹತ್ತಿರ ಬಂದು ಕೇಳುವ ಮಾತೂ ಒಂದೇ: “ಒಂದು ಕಾಪಿ ಕೊಡ್ತೀರಲ್ಲ ಸಾರ್?”

“ಕೊಡ್ತೀನಿ ಯಜಮಾನ್ರೇ, ಉಂಗುರ ಒಂದು ಸರಿಯಾಗಿ ಬರ್ಲಿ. ಅರೆಬರೆ ಕೆಲಸ ನಾನು ಯಾರಿಗೂ ಕೊಡೋನಲ್ಲ.”

ಉಂಗುರ ಸರಿಯಾಗಿ ಬರಲಿಲ್ಲ. ಒಂದು ಸುಗ್ಗಿ ಗಾಳಿ, ಇನ್ನೊಂದು ಸುಗ್ಗಿ ಮೋಡ, ಮತ್ತೊಂದರಲ್ಲಿ ಉಂಗುರವೇನೋ ಬಂತು, ಅದರ ನಡುವೆ ಕಾಗೆಯೊಂದು ಹಾರಿತು. ಹೀಗೆ ಸುಗ್ಗಿ ಮೇಲೆ ಸುಗ್ಗಿ ಕಳೆದವು. ಹೋದ ಚಳಿಗಾಲ ಯಜಮಾನರು ತೀರಿಕೊಂಡರು. ಟ್ರ್ಯಾಕ್ಟರು ಒದ್ದದ್ದಲ್ಲ, ಬೆಂಕಿಯೂ ಅಲ್ಲ. ಬೆಳಿಗ್ಗೆ ಮಂಚದಿಂದ ಏಳಲು ಹೋದವರು ಏಳಲಿಲ್ಲ.

ಸುದ್ದಿ ತಿಳಿದಾಗ ಭಾವ ಊಟಕ್ಕೆ ಕೂತಿದ್ದರು. “ಅಯ್ಯಯ್ಯೋ! ಇನ್ನು ಅದನ್ನ ಚಾಲೂ ಮಾಡೋರು ಯಾರು?” ಎಂದರು.

ಅಕ್ಕ ಸೌಟು ಕೆಳಗಿಟ್ಟಳು. “ಮೊದ್ಲು ಅಯ್ಯೋ ಪಾಪ ಅನ್ನಿ. ಆಮೇಲೆ ಟ್ರ್ಯಾಕ್ಟರಿಗೆ ಅಳಬಹುದು.”

ಆಮೇಲೆ ಕೆಲವು ವಾರ ಕಳೆದು, ಒಂದು ಬೆಳಿಗ್ಗೆ ಯಜಮಾನರ ಹೆಂಡತಿ ಸ್ಟುಡಿಯೋಗೆ ಬಂದರು. ಬಕೆಟ್ ಇಲ್ಲದೆ ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತೋಚದೆ ನಿಂತಿದ್ದರು. ಚೀಲದಿಂದ ಒಂದು ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅಂಗಿಯ ಜೇಬಿನಲ್ಲೇ ಬಾಳಿದ್ದ ಚೀಟಿ. ಡೀಸೆಲ್ ಕುಡಿದೂ ಕುಡಿದೂ ಅದರ ಮೇಲಿನ ಮುಖ ಕಂದು ಕಲೆಯಾಗಿ ಹೋಗಿತ್ತು.

“ಗೋಡೆಗೆ ಹಾಕೋಕೆ ಅವ್ರದ್ದೊಂದು ಫೋಟೋ ಬೇಕಿತ್ತು ಸಾರ್. ಮನೇಲಿ ಇದು ಬಿಟ್ರೆ ಬೇರೆ ಇಲ್ಲ. ನಿಮ್ಮ ಹತ್ರ ಇರುತ್ತಲ್ಲ.”

“ಇರುತ್ತಲ್ಲ ಅಂದ್ರೆ!” ಹಲಗೆಯ ಗೋಡೆ ನಡುಗುವಂತೆ ಭಾವ ಗುಡುಗಿದರು. “ಅಮ್ಮಾ, ನಿಮ್ಮ ಯಜಮಾನ್ರದ್ದು ನನ್ನ ಹತ್ರ ಇರೋಷ್ಟು ಫೋಟೋ ಯಾವ ಮಂತ್ರಿಗೂ ಇಲ್ಲ. ದೊಡ್ಡದು ಮಾಡಿ, ಕಟ್ಟು ಹಾಕ್ಸಿ ಕೊಡ್ತೀನಿ. ನಾಳೆ ಮಧ್ಯಾಹ್ನ ಬನ್ನಿ.”

ಆಕೆ ಬಸ್ಸಿಗೆ ಹೋದರು. ಭಾವ ‘ಊಟಕ್ಕೆ ಹೋಗಿದ್ದಾರೆ’ ಎಂಬ ಹಲಗೆ ತೂಗುಹಾಕಿ, ಶಟರು ಅರ್ಧ ಇಳಿಸಿ, ಕಂಪ್ಯೂಟರಿನ ಮುಂದೆ ಕೂತರು. ನನ್ನನ್ನೂ ಕರೆದರು. ಒಳ್ಳೆಯ ಫೋಟೋ ಆರಿಸುವುದು ಕಷ್ಟ, ಇನ್ನೊಂದು ಜೊತೆ ಕಣ್ಣಿದ್ದರೆ ಲೇಸು ಎಂದು.

ಮೊದಲಿಗೆ ಭಾವ ಖುಷಿಯಲ್ಲೇ ಇದ್ದರು. “ಆಹಾ, ಬೆಲ್ಟು ನೋಡೋ, ಎಳೆಯಷ್ಟೂ ಜೋತಿಲ್ಲ. ಈ ಹೊಟ್ಟು ನೋಡು, ಚಿನ್ನದ ಪುಡಿ.”

“ಯಜಮಾನ್ರು ಎಲ್ಲಿ?”

“ಇಲ್ಲೇ ಇದಾರಲ್ಲ. ಇದು ಅವರ ಬೆನ್ನು.”

ಮುಂದಿನದರಲ್ಲಿ ಟೋಪಿ. ಅದರ ಮುಂದಿನದರಲ್ಲಿ ಹೊಗೆ ಕೊಳವೆಯ ಹಿಂದೆ ಒಂದು ಕಿವಿ. ಇನ್ನೊಂದರಲ್ಲಿ ಯಜಮಾನರು ಸೀಟಿನ ಮೇಲೆ ನೆಟ್ಟಗೆ, ಗಂಭೀರವಾಗಿ ಕೂತಿದ್ದಾರೆ. ಕುತ್ತಿಗೆಯಿಂದ ಮೇಲೆ ಫೋಟೋವೇ ಮುಗಿದಿದೆ. ಮತ್ತೊಂದರಲ್ಲಿ ಮುಖ ಇರಬೇಕಾದ ಜಾಗದಲ್ಲಿ ಹಾರುವ ಹುಲ್ಲು. ಭಾವನ ಹೊಗಳಿಕೆ ನಿಧಾನವಾಗಿ ಕಮ್ಮಿಯಾಯಿತು. ಬೆಲ್ಟಿನ ಮಾತು ನಿಂತಿತು. ಹಳೆಯ ನೆಗೆಟಿವ್ ಡಬ್ಬಿಗಳು ಅಟ್ಟದಿಂದ ಇಳಿದವು. ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿಯೂ ಅದೇ ಬಗ್ಗಿದ ಬೆನ್ನು, ಅದೇ ಸೊಟ್ಟ ಮೊಣಕೈ. ಊಟದ ಡಬ್ಬಿ ಹಿಡಿದು ಶಟರಿನ ಕೆಳಗೆ ನುಸುಳಿ ಬಂದ ಅಕ್ಕ ನಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಇಷ್ಟು ವರ್ಷ ಆ ಮನುಷ್ಯನ ಎದುರಿಗೆ ನಿಂತ್ರಿ. ಅವ್ರ ಮುಖ ಹೇಗಿತ್ತು ಅಂತಾದ್ರೂ ನಿಮಗೆ ನೆನಪಿದ್ಯಾ?”

ಬೇರೆ ದಿನವಾಗಿದ್ದರೆ ಭಾವ ಎದುರು ಮಾತಾಡುತ್ತಿದ್ದರು. ಅಂದು ಇನ್ನೊಂದು ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದರು. ನನಗೆ ಅವರನ್ನು ನೋಡಿ ಮೊದಲ ಸಲ ಕನಿಕರವಾಯಿತು. ಕನಿಕರವೆಂದರೆ ಸಿಟ್ಟು ಬೆರೆತ ಕನಿಕರ. ಊರಿನ ಪ್ರತಿಯೊಬ್ಬ ಉಡಾಳನ ಎರಡೂ ಕಿವಿ ಕಾಣುವ ಫೋಟೋ ಇಟ್ಟುಕೊಂಡಿರುವ ಮನುಷ್ಯನ ಬಳಿ, ತಾನು ಅಷ್ಟು ಮೆಚ್ಚಿದ ಯಂತ್ರವನ್ನು ಓಡಿಸಿದವರ ಒಂದು ಮುಖ ಇರಲಿಲ್ಲ.

ಕೊನೆಗೆ ಒಂದು ಸಿಕ್ಕಿತು. ಯಜಮಾನರು ನೇರವಾಗಿ ಕ್ಯಾಮೆರಾದ ಕಡೆಗೇ ತಿರುಗಿದ್ದಾರೆ! ಭಾವ ಅದನ್ನು ದೊಡ್ಡದು ಮಾಡಿದರು. ಗಾಲಿ ತಿರುಗುತ್ತಿರುವುದು ತಿಳಿಯಲಿ ಎಂದು ಕ್ಯಾಮೆರಾದ ಕಣ್ಣನ್ನು ಎಂದಿಗಿಂತ ಹೆಚ್ಚು ಹೊತ್ತು ತೆರೆದಿಟ್ಟು ತೆಗೆದ ಫೋಟೋ. ಗಾಲಿ ಸೊಗಸಾಗಿ ತಿರುಗುತ್ತಿತ್ತು. ಯಜಮಾನರ ಮುಖವೂ ಅದರ ಜೊತೆಗೇ ಕದಡಿ, ಎರಡು ಮೂರು ಮುಖಗಳನ್ನು ಒಂದರ ಮೇಲೊಂದು ಬರೆದು ಅರ್ಧ ಒರೆಸಿದಂತಿತ್ತು.

“ಅಲ್ಲಾಡಿಬಿಟ್ಟಿದಾರೆ,” ಎಂದರು ಭಾವ, ಬಹಳ ಸಣ್ಣ ದನಿಯಲ್ಲಿ.

ಇನ್ನು ಉಳಿದದ್ದು ಒಂದೇ ದಾರಿ. ಮರುದಿನ ಬೆಳಿಗ್ಗೆ ಭಾವ ಮಾನ ಮರ್ಯಾದೆಯನ್ನೆಲ್ಲ ನನ್ನ ಕಾರಿನಲ್ಲಿ ಬಿಟ್ಟು, ಹಲ್ಲಿನ ಡಾಕ್ಟರ ಬಾಗಿಲು ತಟ್ಟಿದರು. ಹಲ್ಲು ನೋವೆಂದರೂ ಆ ಮೆಟ್ಟಿಲು ಹತ್ತದವರು. ಡಾಕ್ಟರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಾಯಿ ತೆರೆದು ಕುರ್ಚಿಯಲ್ಲಿ ಕೂತಿದ್ದ ರೋಗಿಯನ್ನು ಹಾಗೇ ಬಿಟ್ಟು ನಮ್ಮನ್ನು ಒಳಗೆ ಕರೆದೊಯ್ದರು.

“ಡುಬುಡುಬು ತಾನೇ? ಬೇಕಾದಷ್ಟಿದೆ. ನಾನು ನಿಮ್ಮ ಹಾಗಲ್ಲ, ಮನುಷ್ಯರನ್ನ ಬಿಟ್ಟು ತೆಗೆಯೋನೇ ಅಲ್ಲ.”

ಅದು ನಿಜ. ಡುಬುಡುಬುವಿನ ಮುಂದೆ ಡಾಕ್ಟರು, ಡುಬುಡುಬುವಿನ ಮೇಲೆ ಡಾಕ್ಟರು, ಕಿತ್ತ ಸ್ಟೀರಿಂಗನ್ನು ಗದೆಯ ಹಾಗೆ ಹೊತ್ತ ಡಾಕ್ಟರು. ಯಜಮಾನರ ಹೆಂಡತಿಯ ಬಕೆಟ್ ಹಿಡಿದು ನಿಂತ ಡಾಕ್ಟರು ಕೂಡ ಇದ್ದರು.

“ಯಜಮಾನ್ರು?” ಎಂದರು ಭಾವ.

“ಅವ್ರೇ ತೆಗೆದದ್ದು ಇವೆಲ್ಲ. ನನ್ನ ಕ್ಯಾಮೆರಾ ಅವರ ಕೈಗೆ ಕೊಡ್ತಿದ್ದೆ. ಚೆನ್ನಾಗೇ ತೆಗೀತಿದ್ರು. ಇದೊಂದರಲ್ಲಿ ಮಾತ್ರ ನೋಡಿ, ಎಂಥ ಎಡವಟ್ಟು!”

ಆ ಫೋಟೋದ ಮೂಲೆಯಲ್ಲಿ ದೊಡ್ಡದಾಗಿ, ಎಣ್ಣೆಗಪ್ಪಾದ ಒಂದು ಹೆಬ್ಬೆರಳಿತ್ತು. ಹಿಂದಿನ ದಿನದಿಂದ ನಾವು ನೋಡಿದ್ದರಲ್ಲಿ ಯಜಮಾನರ ಅತ್ಯಂತ ಸ್ಪಷ್ಟವಾದ ಚಿತ್ರ ಅದೇ. ಭಾವ ಅದನ್ನು ಬಹಳ ಹೊತ್ತು ನೋಡಿದರು. ಡಾಕ್ಟರ ನಗುವೂ ಮೆಲ್ಲಗೆ ಇಳಿಯಿತು. ಒಳಗಿನ ಕೋಣೆಯಲ್ಲಿ ರೋಗಿ ಬಾಯಿ ತೆರೆದುಕೊಂಡೇ ಏನೋ ಕೂಗುತ್ತಿದ್ದರು.

ಮಧ್ಯಾಹ್ನ ಯಜಮಾನರ ಹೆಂಡತಿ ಬಂದರು. ಭಾವ ನನ್ನನ್ನು ಅಲ್ಲೇ ಇರು ಎಂದು ಕಣ್ಸನ್ನೆ ಮಾಡಿದರು. ಚಹಾ ತರಿಸಿದರು. ಬಸ್ಸು ಸಿಕ್ಕಿತಾ ಎಂದು ಎರಡು ಸಲ ಕೇಳಿದರು. ಆಮೇಲೆ ಮಾತು ಮುಗಿದು, ಪ್ರಿಂಟು ಹಾಕಿದ್ದ ಫೋಟೋಗಳನ್ನು ಮೇಜಿನ ಮೇಲೆ ಹರಡಿ, ಪಾಸ್‌ಪೋರ್ಟಿಗೆ ಕೂತವರ ಹಾಗೆ ಅಲ್ಲಾಡದೆ ಕೂತರು.

ಆಕೆ ಒಂದೊಂದನ್ನೇ ಎತ್ತಿ ನೋಡಿದರು. ನೋಡುತ್ತ ನೋಡುತ್ತ ಮುಖ ಅರಳಿತು. “ಇದು ಕೈ ಮುರಿದ ವರ್ಷದ್ದು. ಇದು ಟೋಪಿ ಹೊಸದು ತಂದಾಗ. ನೀಲಿ ಅಂಗಿ... ನೀವು ಬರ್ತೀರಿ ಅಂತ ಗೊತ್ತಾದ್ರೆ ಹಿಂದಿನ ದಿನವೇ ತೆಗೆದಿಡು ಅನ್ನೋರು. ಇಸ್ತ್ರಿ ನಾನೇ ಮಾಡ್ತಿದ್ದೆ.” ಇನ್ನೊಂದನ್ನು ಎತ್ತಿದರು, ಕೆಳಗಿಟ್ಟರು. ಮತ್ತೊಂದು ಎತ್ತಿದರು. “ಎಲ್ಲದರಲ್ಲೂ ಯಾಕೆ ಬಗ್ಗಿದಾರೆ?”

ಏನಾದರೂ ಸುಳ್ಳು ಹೇಳಿ ಜಾರಿಕೊಳ್ಳಿ ಭಾವ, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವರು ಹೇಳಲಿಲ್ಲ.

“ನಾನೇ ಬಗ್ಗಿಸಿದ್ದು. ಹೊಗೆ ಕಾಣ್ಲಿ ಅಂತ.”

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ನೀವು ಬಂದು ಹೋದ ದಿನವೆಲ್ಲ ಊಟಕ್ಕೆ ಕೂತಾಗ ಹೇಳೋರು. ಇವತ್ತು ನನ್ನ ಫೋಟೋ ತೆಗೆದ್ರು ಕಣೇ, ಅಂತ. ಕಾಪಿ ಬಂದ್ರೆ ಹಾಕೋಕೆ ಅಂತ ಬಾಗಿಲ ಪಕ್ಕ ಮೊಳೆ ಹೊಡೆದಿಟ್ಟಿದ್ರು. ನನ್ನ ಸೆರಗು ಎಷ್ಟು ಸಲ ಆ ಮೊಳೆಗೆ ಸಿಕ್ಕಿ ಹರಿದಿದ್ಯೋ! ಕೀಳ್ರೀ ಅದನ್ನ ಅಂದ್ರೆ, ಇರ್ಲಿ ಇರು, 'ಕೊಡ್ತೀನಿ' ಅಂದಿದಾರೆ ಅನ್ನೋರು.”

ಎಲ್ಲದಕ್ಕಿಂತ ಕೆಳಗೆ, ತೋರಿಸಲು ನಾಚಿಕೆಪಟ್ಟು ಭಾವ ತಲೆಕೆಳಗಾಗಿ ಇಟ್ಟಿದ್ದ ಒಂದು ಪ್ರಿಂಟಿತ್ತು. ಆಕೆ ಅದನ್ನು ತಿರುಗಿಸಿದರು. ಕದಡಿದ ಮುಖದ ಫೋಟೋ.

“ಅದು ಸರಿ ಬಂದಿಲ್ಲ ಅಮ್ಮಾ,” ಎಂದು ಭಾವ ಕೈ ಚಾಚಿದರು. “ಅವ್ರು ಅಲ್ಲಾಡಿದಾರೆ.”

ಆಕೆ ಕೊಡಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು. ನಿಜವಾಗಿಯೂ ನಕ್ಕರು.

“ಅಲ್ಲಾಡದೆ ಇನ್ನೇನು ಸಾರ್? ಆ ಗಾಡಿ ಮೇಲೆ ಕೂತ್ರೆ ಅವ್ರ ಕೆನ್ನೆ, ಮೀಸೆ ಎಲ್ಲ ಹೀಗೇ ಗಡಗಡ ನಡುಗ್ತಿತ್ತು. ಬಕೆಟ್ ಹಿಡ್ಕೊಂಡು ನಾನು ನೋಡ್ತಿದ್ದದ್ದು ಇದನ್ನೇ. ನಗ್ತೀನಿ ಅಂತ ಬೈಯೋರು.” ಸೆರಗಿನ ತುದಿಯಿಂದ ಫೋಟೋದ ಮೇಲಿಲ್ಲದ ಧೂಳನ್ನು ಒರೆಸಿದರು. “ಇದೇ ಕೊಡಿ. ಇದು ಅವ್ರೇ.”

ಭಾವ ಅದನ್ನು ದೊಡ್ಡದು ಮಾಡಿ, ಕಟ್ಟು ಹಾಕಿಸಿ, ತಾವೇ ತೆಗೆದುಕೊಂಡು ಹೋಗಿ ಆ ಮೊಳೆಗೆ ತೂಗುಹಾಕಿ ಬಂದರು. ಮೊಳೆ ತುಕ್ಕು ಹಿಡಿದಿದ್ದರೂ ಗಟ್ಟಿಯಾಗಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿನ ಗೋಡೆಯನ್ನು ನೋಡಲಾರದೆ ತಟ್ಟೆಯನ್ನೇ ನೋಡುತ್ತಿದ್ದರು.

“ನನ್ನದೂ ಒಂದು ತೆಗೆದಿಡಿ,” ಎಂದಳು ಅಕ್ಕ. “ಗೊಬ್ಬರದ ಗಾಡಿ ಪಕ್ಕ ಜಾಗ ಇದೆ. ಬಗ್ಗೋಕೆ ಮಾತ್ರ ನಂಗೆ ಸೊಂಟ ನೋವು.”

ಭಾವ ತಿದ್ದಿಕೊಂಡರು. ಮುಂದಿನ ಭಾನುವಾರವೇ ಹೊಸ ಕಟ್ಟಳೆ ಜಾರಿಗೆ ಬಂತು: ಮೊದಲು ಮುಖ, ಆಮೇಲೆ ಯಂತ್ರ. ಮನುಷ್ಯ ತಪ್ಪು ತಿದ್ದಿಕೊಳ್ಳುವುದು ಇಷ್ಟು ಸುಲಭ ಎಂದು ತಿಳಿದಿದ್ದರೆ ನಾನೂ ನನ್ನ ನಾಲಿಗೆಯನ್ನು ಎಂದೋ ತಿದ್ದಿಕೊಳ್ಳುತ್ತಿದ್ದೆ. ನಾವು ಹೋದದ್ದು ಆಲೂಗಡ್ಡೆ ಹೊಲಕ್ಕೆ. ಅಲ್ಲೊಂದು ಹಳೇ ಅಗೆಯುವ ಯಂತ್ರವಿದೆ. ಅದರ ಚಕ್ರದ ಕಬ್ಬಿಣದ ಬೆರಳುಗಳು ಮಣ್ಣಿನೊಳಗಿಂದ ಗಡ್ಡೆಗಳನ್ನು ಬಾಚಿ ಪಕ್ಕಕ್ಕೆ ಎಸೆಯುತ್ತವೆ. ಎಳೆಯುವ ಟ್ರ್ಯಾಕ್ಟರಿನ ಮೇಲಿದ್ದ ರೈತ ನಮಗೆ ಹಳೆಯ ಪರಿಚಯ, ಬಹಳ ಸಲ ಹೋಗಿದ್ದೇವೆ. ದೂರದಿಂದಲೇ ನಮ್ಮನ್ನು ಕಂಡು ಕೈ ಬೀಸಿದ. ಇಸ್ತ್ರಿ ಅಂಗಿ ಹಾಕಿದ್ದ. ಅದು ಈ ಸಲ ಭಾವನಿಗೂ ಕಾಣಿಸಿತು.

ಭಾವ ಬದುವಿನ ಮೇಲೆ ನಿಂತು ಕ್ಯಾಮೆರಾ ಎತ್ತಿದರು. ಎತ್ತಿದ ಕೂಡಲೇ, ಯಾರೂ ಹೇಳದೆ, ರೈತ ತಲೆ ತಗ್ಗಿಸಿದ.

“ಬೇಡ ಬೇಡ, ತಲೆ ಎತ್ತಿ!” ಎಂದು ಭಾವ ಕೂಗಿದರು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅವರು ಕೈ ಆಡಿಸಿದರು. ಆತ ಇನ್ನಷ್ಟು ಬಗ್ಗಿದ. “ಈ ಕಡೆ ನೋಡಿ! ನಿಮ್ಮನ್ನೇ!” ಎಂದು ಎರಡೂ ಕೈ ಎತ್ತಿ ಬೀಸಿದರು. ಆತ ಸ್ಟೀರಿಂಗಿಗೆ ಹಣೆ ತಾಗುವಷ್ಟು ಬಗ್ಗಿ, ಹಾಗೇ ಟ್ರ್ಯಾಕ್ಟರು ಓಡಿಸಿದ.

ಭಾವ ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ, ಅಗೆದು ಬಿದ್ದ ಗಡ್ಡೆಗಳನ್ನು ತುಳಿಯುತ್ತ, ಎಡವುತ್ತ ಯಂತ್ರದ ಕಡೆಗೆ ನಡೆದರು. ಇವರು ಬರುವುದನ್ನು ಓರೆಗಣ್ಣಿನಲ್ಲಿ ಕಂಡ ರೈತ ಗಾಬರಿಯಾಗಿ ಎಂಜಿನ್ ನಿಲ್ಲಿಸಿದ. ಹೊಲವೆಲ್ಲ ಒಮ್ಮೆಗೇ ಸುಮ್ಮನಾಯಿತು. ಬಗ್ಗಿದ ತಲೆಯನ್ನು ಮೇಲೆತ್ತದೆಯೇ ಆತ ಕೇಳಿದ್ದು ನನಗೆ ಬದುವಿನವರೆಗೂ ಕೇಳಿಸಿತು.

“ಏನ್ ಸಾರ್, ಇನ್ನೂ ಕಾಣ್ತಿದೀನಾ?”